ಅವ್ವಮ್ಮನ ದನಿ ಕೊಂದವರು

ಅವ್ವಮ್ಮನ ದನಿಯನ್ನು ಯಾರೋ ಕೊಂದಿದ್ದರು.

ಪಿಂಪ್ರಿಯಲ್ಲಿ ಗಾರೆ ಹೊರುವ ಅವ್ವಮ್ಮ ಹಾಡಿದ ತತ್ವಪದ ನಿನ್ನೆ ಪುಣೆಯ ಡಿಜಿಟಲ್ ರೇಡಿಯೋದ ಕನ್ನಡ ಅರ್ಧಗಂಟೆಯಲ್ಲಿ ಬಿತ್ತರವಾಗಿತ್ತು. ಸ್ಟುಡಿಯೋದಲ್ಲಿ ಗಂಟೆಯಂತಿದ್ದ ದನಿ ರೇಡಿಯೋದಲ್ಲಿ ಕೊಡದೊಳಗಿನ ಗುಳುಗುಳು! ತಾಳದ ಕಿಣಿಕಿಣಿಯಂತೂ ನೀರಿಗೆ ಬಿದ್ದ ಚಿಲ್ಲರೆ.

"ಆಕೆಯ ಗಂಟಲೇ ಡಿಜಿಟಲ್‌ಗೆ ಒಗ್ಗುವುದಿಲ್ಲ," ಮುಖ್ಯಸ್ಥ ಮಂದಾರ ಮರಾಠಿಯಲ್ಲಿ ತೀರ್ಪು ಕೊಟ್ಟರು. "ಇವತ್ತೂ ಹೀಗೇ ಆದರೆ ಕನ್ನಡ ಬಂದ್."

ಕಾರ್ಯಕ್ರಮ ನಡೆಸುವ ವಸಂತಿಗೆ ತಲೆ ಸಿಡಿಯಿತು. ಬಾಗಿಲು ಬಾಗಿಲು ಬಡಿದು ಪಡೆದ ಅರ್ಧಗಂಟೆ ಅದು. ಧ್ವನಿತಜ್ಞೆ ನೀಲಿಮಾಳನ್ನು ಕರೆಸಿದಳು. ಬೆಳಗಾವಿಯವಳು, ಮಾತು ಕಡಿಮೆ, ಕಿವಿ ಚೂಪು.

ವಸಂತಿ ಮಂದಾರರತ್ತ ಕಣ್ಣು ಹಾಯಿಸಿ ಕನ್ನಡದಲ್ಲೇ ದೂರಿದಳು: "ಕಳ್ಳ ಇವರಽ, ಅಕ್ಕಾ. ನಮ್ಮ ವಾಹಿನಿಯ ಜಾಗಾ ಕತ್ತರಿಸಿ ಸಿನಿಮಾ ಹಾಡಿಗೆ ಕೊಟ್ಟಾರ. ದನಿ ಹೊರೋ ಬಿಟ್ ಕಡಿಮಿ ಆದ್ರ ದನಿ ಹಿಂಗಽ ಸಾಯ್ತದ, ಹೌದಿಲ್ಲೋ?"

"ಸಾಯ್ತದ. ನಡುವ ಬಂದ ಮಸಾಲಿ ಜಾಹೀರಾತು ಕೇಳಿದಿ?"

"ಅದ್ಯಾಕ ಈಗ?"

"ಸಾಸಿವಿ ಸಿಡಿಯೋ ಚಟಪಟ ಸುದ್ದಾ ಸ್ವಚ್ಛ ಇತ್ತು. ಅದಽ ವಾಹಿನಿ, ಅದಽ ಬಿಟ್. ಜಾಗಾ ಕದ್ದಿದ್ರ ಸಾಸಿವಿನೂ ಸಾಯಬೇಕಿತ್ತಲ್ಲ?"

ಅಂದರೆ— ದನಿ ಪ್ರಸಾರಕ್ಕೆ ಮೊದಲೇ ಸತ್ತಿತ್ತು!

"ಜಾಹೀರಾತು ಯಾರರೆ ತಪಾಸಣಿ ಮಾಡ್ತಾರೇನು?"

"ಇಲ್ಲ. ಮರಾಠಿ ಕಾರ್ಯಕ್ರಮಾನೂ ಇಲ್ಲ. ಕನ್ನಡದಾಗ ಏನು ಬೈತೀವೋ ಅಂತ ಸಾಹೇಬ್ರಿಗೆ ಅನುಮಾನ. ಅದಕ್ಕಽ ಕನ್ನಡ ಬಲ್ಲ ಹೋಟೆಲಿನ ಸದಾನಂದ ಅವರು ಮೊದಲ ಕೇಳಿ ಒಪ್ಪಬೇಕು."

ನೀಲಿಮಾ ಸದಾನಂದರಿಗೆ ಫೋನು ಹಚ್ಚಿದಳು.

"ನಾನೆಂತ ಮಾಡಿದೆ ಮಾರಾಯ್ರೆ? ವಸಂತಿಯವರು ಹಾಡನ್ನು ಫೋನಿಗೆ ವಾಯ್ಸ್ ಮೆಸೇಜ್ ಮಾಡಿ ಕಳಿಸಿದ್ರು. ಕೇಳಿದೆ. ಒಳ್ಳೆದುಂಟು ಅಂತ ಅದನ್ನೇ ಮಂದಾರರಿಗೆ ದಾಟಿಸಿದೆ. ಅಷ್ಟೇ!"

ನೀಲಿಮಾ ಮಂದಾರರತ್ತ ತಿರುಗಿದಳು. ಮರಾಠಿಯಲ್ಲೇ ಕೇಳಿದಳು: "ಪ್ರಸಾರವಾದದ್ದು ಯಾವ ಪ್ರತಿ?"

"ಒಪ್ಪಿಗೆಯಾದದ್ದು. ಮೂಲಪ್ರತಿಯಲ್ಲಿ ಇವರು ಬೇರೇನಾದರೂ ಸೇರಿಸಿದ್ದರೆ?"

ವಸಂತಿ ದಂಗಾದಳು. ಫೋನಿಗೆ ಕಳಿಸಿದ್ದು ಬರೀ ಕೇಳಲಿಕ್ಕೆ!

"ಫೋನು ದನಿಯನ್ನು ಹಿಂಡಿ, ಕಿವಿಗೆ ಬೇಡವೆನಿಸಿದ್ದನ್ನು ಬಿಸಾಡುತ್ತದೆ," ಎಂದಳು ನೀಲಿಮಾ. "ಉಳಿದ ಸಿಪ್ಪೆಯನ್ನು ರೇಡಿಯೋ ಮತ್ತೆ ಗಾಣಕ್ಕೆ ಹಾಕಿತು. ಜಾಹೀರಾತು ಗಾಣ ಕಂಡದ್ದು ಒಮ್ಮೆ. ಅವ್ವಮ್ಮ ಎರಡು ಸಲ. ಯಂತ್ರದ ತಪ್ಪಲ್ಲ. ಕೊಂದವರು ನೀವು, ಮಂದಾರ ಸಾಹೇಬರೇ— ನಿಮ್ಮ ಅನುಮಾನ."

ಮಂದಾರ ಕನ್ನಡಕ ಒರೆಸಿದರು. "ಸರಿ, ಸರಿ. ಇವತ್ತಿನದನ್ನಾದರೂ ಸದಾನಂದರು ಒಮ್ಮೆ ಕೇಳಿ—"

ಸಿಟ್ಟಿಗೆ ವಸಂತಿಗೆ ಮರಾಠಿಯೇ ಮರೆತುಹೋಯಿತು.

"ಕೇಳ್ಲಿ! ರೇಡಿಯೋದಾಗ ಕೇಳ್ಲಿ, ಊರಮಂದಿ ಜೋಡಿ!"

ಇವತ್ತಿನ ಕಾರ್ಯಕ್ರಮದ ಮೂಲಪ್ರತಿಯನ್ನೇ ಪ್ರಸಾರಕ್ಕೆ ಏರಿಸಿದಳು.