ಏಳನೆಯ ಹೊಲಿಗೆ

ಲಫ್‌ಬರೋ ಎಂಬ ಇಂಗ್ಲಿಷ್ ಊರಿನ ಪಕ್ಕದ ಶೆಡ್ಡಿನಲ್ಲಿರುವ ಯುದ್ಧಕಾಲದ ವಿಮಾನವನ್ನು ಮತ್ತೆ ಹಾರಿಸಿ ಜನರಿಗೆ ತೋರಿಸಲು ಸಂಬಳವಿಲ್ಲದೆ ದುಡಿಯುವವರಲ್ಲಿ ನಾನೂ ಒಬ್ಬಳಾಗಿದ್ದೆ. ಒಂಬತ್ತು ವರ್ಷ ಅದರ ಬಾಲಕ್ಕೆ ಹೊದಿಸುವ ಬಟ್ಟೆ ಹೊಲಿದೆ. ಹೊಲಿಗೆ ಎಣಿಸುತ್ತ "ಏಳು" ಅಂದಾಗಲೆಲ್ಲ ಒಳಗೆ, ಯುದ್ಧದಲ್ಲಿ ಬಾಲದಿಂದ ಗುಂಡು ಹಾರಿಸುತ್ತಿದ್ದ ಗನ್ನರನ ಖಾಲಿ ಸೀಟು, ಯಾರೋ ಎದ್ದಂತೆ, ಕಿರುಗುಟ್ಟುತ್ತಿತ್ತು. "ಕೂತ್ಕೊಳ್ಳಪ್ಪ" ಅಂದರೆ ಮತ್ತೊಮ್ಮೆ ಕಿರುಗುಟ್ಟಿ ಸುಮ್ಮನಾಗುತ್ತಿತ್ತು.

ನಮ್ಮ ಮೇಲ್ವಿಚಾರಕ ಹರ್ಷನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು.

"ವಯಸ್ಸಾಯ್ತು ಅಜ್ಜಿ. ನಾಳೆಯಿಂದ ಡ್ಯೂಟಿ ರೋಟಾದಲ್ಲಿ ನಿಮ್ಮ ಹೆಸರಿರಲ್ಲ," ಎಂದ.

ಕೊನೆಯ ಸಾಲು ಹೊಲಿಯುತ್ತ "ಏಳು" ಎಂದೆ. ಸೀಟು ಕಿರುಗುಟ್ಟಿತು. ಸಿಟ್ಟಿನಲ್ಲಿ, ಕೂತುಕೋ ಎನ್ನದೆ ಮನೆಗೆ ಬಂದುಬಿಟ್ಟೆ.

ಮೊನ್ನೆ ಹರ್ಷ ಫೋನ್ ಮಾಡಿದ್ದ. "ನೋಡಿದ್ರಾ ಅಜ್ಜಿ, ನೀವು ಹೋದ್ಮೇಲೆ ಒಂದು ಸದ್ದೂ ಇಲ್ಲ."

ಇರಲಿಕ್ಕಿಲ್ಲ. ನನ್ನ ಅಡುಗೆಮನೆಯ ಖಾಲಿ ಕುರ್ಚಿ ಮಾತ್ರ, ಹೀಟರ್ ಹಾಕಿದರೂ ತಣ್ಣಗಿರುತ್ತದೆ, ಎಂಜಿನ್ ಎಣ್ಣೆ ನಾರುತ್ತದೆ.