ಬಾಯೊಳಗಿನ ಕಲ್ಲು

"ಬಾಯಲ್ಲಿ ಇಟ್ಕೊಳ್ಳಿ ಸಾರ್. ನುಂಗ್ಬಿಡಬೇಡಿ ಮತ್ತೆ."

ಟೀ ಅಂಗಡಿಯವಳು ಗಾಜಿನ ಭರಣಿಯಿಂದ ಒಂದು ನುಣುಪು ಕಲ್ಲು ತೆಗೆದು, ಬಿಸಿನೀರಲ್ಲಿ ಅದ್ದಿ, ಅಂಗೈ ಮೇಲಿಟ್ಟು ಚಾಚಿದಳು. ಪಕ್ಕದ ಭರಣಿಯಲ್ಲಿ ಬಿಸ್ಕತ್ತುಗಳಿದ್ದವು.

"ಯಾಕೆ, ನಿನ್ನ ಟೀಗಿಂತ ರುಚಿಯಾಗಿದೆಯಾ?" ಎಂದ ಸೂಪರ್‌ವೈಸರ್.

ಅವನು ಬೆಟ್ಟದ ಬುಡದ ಪ್ಲೈವುಡ್ ಕಾರ್ಖಾನೆಗೆ ಬಂದು ತಿಂಗಳೂ ತುಂಬಿರಲಿಲ್ಲ. ಅಷ್ಟರಲ್ಲೇ ಅವನ ಬೈಗುಳ ತಿನ್ನದ ಕೆಲಸಗಾರ ಉಳಿದಿರಲಿಲ್ಲ. ಮೇಲಿನಿಂದ ಮರ ಇಳಿಸುವವರು ಮಾತ್ರ, ಎಷ್ಟು ಬೈದರೂ, ಕೆನ್ನೆಯಲ್ಲಿ ಏನೋ ಒತ್ತಿಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ತಂಬಾಕು ಇರಬೇಕೆಂದುಕೊಂಡಿದ್ದ. ಕಲ್ಲೆಂದು ಈಗ ತಿಳಿಯಿತು.

"ನಗಬೇಡಿ ಸಾರ್," ಎಂದ ಬೆಂಚಿನ ಮೇಲಿದ್ದ ಲಾರಿ ಡ್ರೈವರ್. "ಕಲ್ಲುಗುಡ್ಡೆಯಿಂದ ಆಚೆಗೆ ಯಾರಿಗಾದ್ರೂ ಬೈದ್ರೆ, ಬೈದಿದ್ದು ಬೈದ ಹಾಗೇ ಆಗತ್ತೆ."

"ಹಾಗಾದ್ರೆ ನಮ್ಮ ಮಾಲೀಕರನ್ನ ನೆನೆಸ್ಕೊಂಡು ಒಂದ್ಸಲ ಹೋಗ್ಬರಬೇಕು."

ಡ್ರೈವರ್ ನಗದೆ ಹಳೇ ಕತೆ ಹೇಳಿದ. ಹಿಂದೆ ಆ ಕಾಡು ಕಡಿಸುತ್ತಿದ್ದ ಕಂಟ್ರಾಕ್ಟರ್ ಒಬ್ಬ, ಮರದಡಿ ಸಿಕ್ಕಿಕೊಂಡು ಕಿರುಚುತ್ತಿದ್ದ ಆಳಿಗೆ 'ಸಾಯಿ ಅತ್ಲಾಗೆ' ಎಂದು ಉಗಿದು ಹೋಗಿದ್ದನಂತೆ. ಆಳು ಸತ್ತ. ಆಳಿನ ತಾಯಿ, ಕಂಟ್ರಾಕ್ಟರ್ ಉಗುಳಿದ ಮಣ್ಣನ್ನು ತನ್ನ ಕೂದಲಿನ ಜೊತೆ ಕರಿದಾರದಲ್ಲಿ ಬಿಗಿದು, ಅಲ್ಲೇ ಹೂತು, ಮೇಲೆ ಕಲ್ಲು ಪೇರಿಸಿ ಮಾಟ ಮಾಡಿದಳು. ಸ್ವಲ್ಪ ದಿನಕ್ಕೆ ಕಂಟ್ರಾಕ್ಟರ್ ಅಲ್ಲೇ ನಿಂತು ಸ್ವಂತ ತಮ್ಮನಿಗೆ ಅದೇ ಮಾತು ಅಂದ. ತಮ್ಮ ನಿಂತಲ್ಲೇ ಬಿದ್ದ.

"ಬಾಯಿ ತಪ್ಪಿ ಅಂದುಬಿಟ್ರೆ, ಸಾರಿ ಅಂದ್ರಾಯ್ತು."

"ಒಳ್ಳೆ ಮಾತು ಆ ಬೆಟ್ಟಕ್ಕೆ ಕೇಳಿಸಲ್ಲ ಸಾರ್." ಟೀ ಅಂಗಡಿಯವಳ ದನಿ ತಗ್ಗಿತ್ತು. "ಕೋಪ ಮಾತ್ರ ಕೇಳಿಸತ್ತೆ."

ಸೂಪರ್‌ವೈಸರ್ ಕಲ್ಲನ್ನು ಮಾತ್ರೆಯಂತೆ ಬಾಯಿಗೆ ಎಸೆದುಕೊಂಡು, ಕೆನ್ನೆ ಉಬ್ಬಿಸಿ ತೋರಿಸಿ, ಕಾಲ ಬಳಿ ಮಲಗಿದ್ದ ನಾಯಿಯ ಚೈನು ಜಗ್ಗಿ, ಮೇಲೆ ಮರ ಕಡಿಯುವ ಜಾಗ ನೋಡಲು ಹೊರಟ.

ನಾಯಿಯ ಹೆಸರು ಬೂದಿ. ಬಣ್ಣವೂ ಅದೇ. ಅದು ಮಗಳ ನಾಯಿ. ಇವನ ಬಾಯಿ ತಾಳಲಾರದೆ ಹೆಂಡತಿ ಕಾಲೇಜು ಓದುವ ಮಗಳನ್ನು ಕರೆದುಕೊಂಡು ಬೇರೆ ಮನೆ ಮಾಡಿದಾಗ, ಆ ಮನೆಯ ಓನರ್ ನಾಯಿ ಬೇಡವೆಂದಿದ್ದ. ಹಾಗಾಗಿ ಬೂದಿ ಇವನ ಪಾಲಿಗೆ ಉಳಿದಿತ್ತು. ಅದಿದ್ದದ್ದರಿಂದಲೇ ಮಗಳು ದಿನಾ ಫೋನ್ ಮಾಡುತ್ತಿದ್ದಳು. 'ಬೂದಿ ಊಟ ಮಾಡ್ತಾ?' ಎಂಬ ಪ್ರಶ್ನೆಯ ಬೆನ್ನಿಗೆ, ಕೆಲವೊಮ್ಮೆ, 'ನೀನು?' ಎಂದೂ ಕೇಳುತ್ತಿದ್ದಳು.

ದಾರಿ ಕಡಿದಾಗಿತ್ತು. ಕೊಳೆತ ಎಲೆಯ ವಾಸನೆ ಮೂಗಿಗೆ ಅಂಟಿತು. ಮಧ್ಯಾಹ್ನವೇ ಆದರೂ ಮರಗಳ ಕೆಳಗೆ ಬೆಳಕು ಕಲಗಚ್ಚಿನಂತೆ ಮಬ್ಬಾಗಿತ್ತು. ಕಲ್ಲುಗುಡ್ಡೆ ಎದೆಯೆತ್ತರಕ್ಕಿತ್ತು, ಪಾಚಿ ಹಿಡಿದಿತ್ತು. ಬೂದಿ ಅದರ ಮುಂದೆ ನಿಂತು, ಬಾಲ ಮುದುರಿ, ಹಿಂದಕ್ಕೆ ಎಳೆಯಿತು.

ಅವನು ಕಲ್ಲನ್ನು ಥೂ ಎಂದು ಗುಡ್ಡೆಯ ಮೇಲೇ ಉಗುಳಿದ. ನಾಯಿಯನ್ನು ಎಳೆದುಕೊಂಡು ದಾಟಿದ. ಹಕ್ಕಿಗಳ ದನಿ ಕತ್ತರಿಸಿದಂತೆ ನಿಂತಿತು.

ಜೇಬಿನಲ್ಲಿ ಫೋನ್ ಅದುರಿತು. ಮಗಳು.

"ಅಪ್ಪ, ಬಸ್ ಹತ್ತಿದೀನಿ. ನಾಯಿ ಇಟ್ಕೊಳ್ಳೋಕೆ ಬಿಡೋ ಮನೆ ಸಿಕ್ತು. ಬೂದಿನ ಇವತ್ತೇ ಕರ್ಕೊಂಡು ಹೋಗ್ತೀನಿ."

"ಯಾರನ್ನ ಕೇಳಿ?"

"ನನ್ನ ನಾಯಿ ಅಪ್ಪ ಅದು."

"ಊಟ ಹಾಕಿದ್ದು ನಾನು! ನಿಮ್ಮಮ್ಮ ಹೇಳಿಕೊಟ್ಟಿದ್ದಾ?"

"ನೋಡು, ಶುರು ಮಾಡಿದೆ. ನಮಗೆ ಬೈದಿದ್ದು ಸಾಲದೆ ಅದಕ್ಕೂ ಬೈತೀಯ. ಸಾಕಪ್ಪ."

ಅವನ ಕತ್ತಿನ ನರ ಸೆಟೆಯಿತು. "ಹೋಗೇ! ಇನ್ನು ಜನ್ಮದಲ್ಲಿ ನನ್ನ ಕಣ್ಣಿಗೆ ಬೀಳಬೇಡ ನೀನು!"

ಫೋನ್ ಸತ್ತಿತು. ಸಿಗ್ನಲ್ ಹೋಗಿತ್ತು. ಬೂದಿ ಗುಡ್ಡೆಯ ಕಡೆಗೆ ಮುಖ ಮಾಡಿ ಬೊಗಳತೊಡಗಿತು, ಒಂದೇ ಸಮನೆ.

"ಮುಚ್ಚು ಬಾಯಿ!"

ಬೊಗಳುವಿಕೆ ಅರ್ಧಕ್ಕೇ ಕತ್ತರಿಸಿಹೋಯಿತು. ಹೇಳಿದ ಮಾತು ಕೇಳಿತಲ್ಲ ಎಂದು ಅವನಿಗೆ ಸಮಾಧಾನವೇ ಆಯಿತು. ಆದರೆ ನಾಯಿ ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತಿತ್ತು. ನಾಲಿಗೆ ಹೊರಗೆ ಚಾಚದೆ ಮೂಗಿನಲ್ಲೇ ಏದುಸಿರು ಬಿಡುತ್ತಿತ್ತು. ಮುಳ್ಳು ಚುಚ್ಚಿರಬೇಕೆಂದು ಬಗ್ಗುವಷ್ಟರಲ್ಲಿ ಅದು ಗಾಬರಿಯಿಂದ ಅವನ ಮೊಣಕಾಲಿಗೆ ಗುದ್ದಿತು. ಅವನು ಜಾರಿ ಬಿದ್ದ. ಅಂಗೈ ಸುಲಿಯಿತು.

"ಕುರುಡು ಮುಂಡೇದೇ!"

ಬೂದಿ ಚೈನು ಬಿಡಿಸಿಕೊಂಡು ಓಡಿತು. ನೇರ ಹೋಗಿ ಮರಕ್ಕೆ ಬಡಿಯಿತು. ತಿರುಗಿ ಇನ್ನೊಂದು ಮರಕ್ಕೆ. ಅದರ ಕಣ್ಣುಗಳ ಮೇಲೆ ಗಂಜಿಯ ಕೆನೆಯಂಥ ಬಿಳಿ ಪೊರೆ.

ಅವನು ಹತ್ತಿರ ಹೋಗಿ ಎರಡೂ ಕೈಯಿಂದ ದವಡೆ ಬಿಡಿಸಲು ನೋಡಿದ. ತುಟಿಗಳ ನಡುವೆ ಸೀಳೇ ಇರಲಿಲ್ಲ. ಬರೀ ಚರ್ಮ.

ಬೆನ್ನ ಹಿಂದೆ ಕಲ್ಲೊಂದು ಗುಡ್ಡೆಯಿಂದ ಉರುಳಿತು. ಮತ್ತೊಂದು. ಸುಟ್ಟ ಕೂದಲಿನ ವಾಸನೆ ಬಂತು.

"ಬೂದಿ... ಇಲ್ಲ ಕಣೋ. ಸುಮ್ನೆ ಅಂದೆ. ಕಣ್ಣು ಬಿಡು ರಾಜ, ಬಾಯಿ ಬಿಡು."

ಏನೂ ಆಗಲಿಲ್ಲ. ಅವನ ಮಾತು ಹತ್ತಿಯಲ್ಲಿ ಬಿದ್ದ ಹಾಗೆ ಅಲ್ಲೇ ಅಡಗಿತು.

ನಾಯಿ ಕಿತ್ತುಕೊಂಡಿತು. ಇಳಿಜಾರಿನ ಕಡೆಗೆ. ಕೆಳಗೆ ಬರೀ ಪ್ರಪಾತ. ಚೈನು ಹಿಡಿದ. ಸುಲಿದ ಅಂಗೈ ಉರಿಯಿತು. ನಾಯಿ ಎಳೆಯಿತು. ಅವನು ಜಾರಿದ. ನೋವು, ಸಿಟ್ಟು, ಎಲ್ಲ ಸೇರಿ ಗಂಟಲಿಗೆ ನುಗ್ಗಿತು. "ಸಾ..."

ನಾಲಿಗೆ ಕಚ್ಚಿಕೊಂಡ. ರಕ್ತದ ರುಚಿ. ಅಷ್ಟಕ್ಕೇ ಬೂದಿಯ ಎದೆ ಏರುವುದು ನಿಂತು, ಆಮೇಲೆ ಕಷ್ಟಪಟ್ಟು ಮತ್ತೆ ಏರಿತು.

ಆಗ ಅವನಿಗೆ ಮಗಳ ನೆನಪಾಯಿತು. ಬಸ್ಸು. ಘಾಟಿಯ ತಿರುವುಗಳು. ಜನ್ಮದಲ್ಲಿ ಕಣ್ಣಿಗೆ ಬೀಳಬೇಡ.

ಫೋನ್ ತೆಗೆದ. ಸಿಗ್ನಲ್ ಇಲ್ಲ. ಎತ್ತಿ ಹಿಡಿದ. ಇಲ್ಲ.

"ದೇವರೇ, ಅವಳು ಚೆನ್ನಾಗಿರಲಿ," ಎಂದ. ಬೆಟ್ಟಕ್ಕೆ ಕೇಳಿಸಲಿಲ್ಲ. ಅವನಿಗೇ ಗೊತ್ತಾಯಿತು, ಕೇಳಿಸಲಿಲ್ಲ. ಅದಕ್ಕೆ ಕೋಪ ಬೇಕು. ಹುಟ್ಟಿದಾಗಿನಿಂದ ಬೊಗಸೆ ಬೊಗಸೆಯಾಗಿ ಹಂಚಿದ್ದ ಕೋಪ, ಈಗ ಹುಡುಕಿದರೆ ಇಲ್ಲ. ಬರೀ ಭಯ.

ಬೂದಿ ಅವನ ಕಾಲಿಗೊತ್ತಿ ನಡುಗುತ್ತಿತ್ತು. ಅದರ ಕಿವಿಗಳು ತಲೆಗೆ ಅಂಟಿದ್ದವು. ಮಗಳು ಚಿಕ್ಕವಳಿದ್ದಾಗ, ಇವನು ಅಡುಗೆಮನೆಯಲ್ಲಿ ಕೂಗಾಡಲು ತೊಡಗಿದರೆ, ಮೇಜಿನ ಕೆಳಗೆ ಕೂತು ತನ್ನ ಕಿವಿ ಬಿಟ್ಟು ಮರಿ ನಾಯಿಯ ಕಿವಿಗಳನ್ನು ಮುಚ್ಚುತ್ತಿದ್ದಳು. ಎರಡೂ ಅಂಗೈಯಿಂದ. ಅವನು ಅದನ್ನು ನೋಡಿಯೂ ಕೂಗಾಡಿದ್ದ. ನೋಡಿ ಇನ್ನೂ ಜೋರಾಗಿ ಕೂಗಾಡಿದ್ದ.

ಕೋಪ ಬಂತು. ಯಾವತ್ತೂ ಯಾರ ಮೇಲೂ ಬಾರದಷ್ಟು.

"ಥೂ ಪಾಪಿ!" ಎಂದು ತನ್ನ ಎದೆಗೇ ಗುದ್ದಿಕೊಂಡು ಅರಚಿದ. "ಅವರಿಗೆ ಅಂದಿದ್ದೆಲ್ಲ ನಿನ್ನ ತಲೆಗೇ ಬಡೀಲಿ! ನಿನ್ನ ಕಣ್ಣು ಇಂಗಿಹೋಗಲಿ!" ಬಾಯನ್ನು ಕೊನೆಗೆ ಇಟ್ಟುಕೊಂಡ. ಅಷ್ಟು ಎಚ್ಚರ ಉಳಿದಿತ್ತು. "ಈ ಹೊಲಸು ಬಾಯಿ ಮುಚ್ಚಿಹೋಗಲಿ!"

ಮರಗಳು ದೀಪದಂತೆ ಆರಿದವು. ಆಕಾಶ ಆರಿತು. ತುಟಿಗಳು ಒಂದನ್ನೊಂದು ಕಚ್ಚಿ ಹಿಡಿದವು. ಅಂಟಿದವು. ಬೆಸೆದವು. ಕಿರುಚಿದ. ಕಿರುಚಾಟ ಮೂಗಿಗೆ ಬಂದು ಗೊರಕೆಯಾಯಿತು.

ಎಲ್ಲೋ ಬಹಳ ಹತ್ತಿರದಲ್ಲಿ, ಬೂದಿ ಬೊಗಳಿತು.

ಅವನನ್ನು ಕೆಳಗಿಳಿಸಿದ್ದು ಅದೇ. ಚೈನು ಬಿಗಿಯಾದರೆ ನಡೆದ, ಸಡಿಲಾದರೆ ನಿಂತ. ಟೀ ಕಾಯುವ ವಾಸನೆ ಬಂತು. ಬೆಂಚು ಕಿರ್ರೆಂದಿತು. ಯಾರೋ ಗ್ಲಾಸು ಕೆಡವಿದರು.

"ಅಯ್ಯೋ, ಮುಖ ನೋಡ್ರೀ ಇವರ್ದು," ಎಂದ ಡ್ರೈವರ್. ಟೀ ಅಂಗಡಿಯವಳು ಭರಣಿಯ ಮುಚ್ಚಳ ತಿರುಗಿಸಿ ಬಿಗಿ ಮಾಡುವ ಸದ್ದು ಕೇಳಿಸಿತು.

ಬಸ್ಸು ಬಂತು. ಬ್ರೇಕ್ ಹಾಕಿತು. ಬಾಗಿಲು ತೆರೆಯಿತು. ಬೂದಿ ಚೈನು ಕಿತ್ತುಕೊಂಡು ಓಡಿತು, ಕುಣಿದು ಕುಣಿದು ಬೊಗಳಿತು. ಮಗಳ ನಗು ಕೇಳಿಸಿತು. ಬದುಕಿದ್ದಳು. ಅವನು ಬೆಂಚಿನ ಮೇಲೆ ಕುಸಿದು ಕೂತ. ಇಂಗಿದ ಕಣ್ಣಲ್ಲೂ ನೀರು ಬಂತು.

ಹೆಜ್ಜೆ ಹತ್ತಿರವಾಗಿ, ನಿಂತಿತು. ತಣ್ಣನೆಯ ಕೈ ಅವನ ಕೆನ್ನೆಗೆ ತಾಗಿತು.

"ಅಪ್ಪ? ಏನಾಯ್ತು ನಿಂಗೆ? ಎಲ್ಲಿ ನೋಡ್ತಿದೀಯ? ಅಪ್ಪ, ಇಲ್ಲಿ ನೋಡು. ನಿನ್ನ ಎದುರಿಗೇ ಇದೀನಲ್ಲ."

ಅವನು ದನಿ ಬಂದ ಕಡೆಗೆ ಮುಖ ತಿರುಗಿಸಿದ. ಕತ್ತಲೆ. ಜನ್ಮದಲ್ಲಿ ನನ್ನ ಕಣ್ಣಿಗೆ ಬೀಳಬೇಡ ಎಂದಿದ್ದ. ಬೆಟ್ಟ ಅದನ್ನೂ ಬಿಟ್ಟಿರಲಿಲ್ಲ.

ಹೆಸರು ಹಿಡಿದು ಕರೆಯಬೇಕೆನಿಸಿತು. ನಾಲಿಗೆ ಬಾಯೊಳಗೆ ಆ ನುಣುಪು ಕಲ್ಲಿನಂತೆ ಬಿದ್ದಿತ್ತು, ತಣ್ಣಗೆ, ಭಾರವಾಗಿ.