ಎಡದ ಮೇಲೆ ಬಲ

ಕೋಟು ಕುಟ್ಟಪ್ಪನ ಮೈಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. ಅಳತೆಯನ್ನೇನೂ ಯಮುನ ತೆಗೆದಿರಲಿಲ್ಲ. ಒಂದು ವರ್ಷದಿಂದ ಕದ್ದು ಕದ್ದು ನೋಡಿದ ಭುಜಕ್ಕೆ ಟೇಪು ಹಿಡಿಯುವ ಅಗತ್ಯ ಅವಳಿಗೆ ಬೀಳಲಿಲ್ಲ.

"ಅಲ್ಲಾಡಬೇಡಿ ರೈಟರೇ. ಕಾಫಿ ತೂಕ ಬರೆಯುವಾಗ ಹೇಗೆ ನಿಲ್ತೀರಿ, ಹಾಗೇ ನಿಲ್ಲಿ."

"ಅಲ್ಲಿ ಯಾರೂ ಇಷ್ಟು ಹತ್ತಿರ ಬಂದು ದಾರ ಕಚ್ಚುದಿಲ್ಲ ಮಾರಾಯ್ತಿ."

ಯಮುನ ದಾರವನ್ನು ಹಲ್ಲಿನಿಂದ ಕಡಿದಳು, ತಲೆ ಮಾತ್ರ ಎತ್ತಲಿಲ್ಲ. ತನ್ನ ಕಿವಿ ಕೆಂಪಾಗಿದ್ದು ಅವಳಿಗೆ ಗೊತ್ತಿತ್ತು. ಅವನು ಅದನ್ನೇ ನೋಡುತ್ತಿದ್ದಾನೆ ಎಂಬುದೂ ಗೊತ್ತಿತ್ತು.

ಹತ್ತಿ ತುಂಬಿ, ಮೈತುಂಬ ಬಿಳಿ ದಾರದ ಹೊಲಿಗೆ ಹಾಕಿದ ನೀಲಿ ಕೋಟು ಅದು. ಗುಂಡಿ ಇಲ್ಲ, ಪಕ್ಕದಲ್ಲಿ ಬಟ್ಟೆಯ ಕಸೆ ಕಟ್ಟಬೇಕು. ಎಡದ ಅಂಚನ್ನು ಅವನ ಎದೆಗೆ ಹಚ್ಚಿ, ಅದರ ಮೇಲೆ ಬಲದ ಅಂಚನ್ನು ತಂದು, ಕಸೆಗೆ ಗಂಟು ಹಾಕಿ ಹಿಂದೆ ಸರಿದು ನೋಡಿದಳು. ಚೆಂದ ಕಂಡ. ಅಷ್ಟು ಚೆಂದ ಕಾಣಬಾರದಿತ್ತು ಎನಿಸಿತು.

ಕುಟ್ಟಪ್ಪನೂ ತಲೆ ಬಗ್ಗಿಸಿ ನೋಡಿಕೊಂಡ. ಮುಖದ ನಗು ಒಂದು ಕ್ಷಣ ಹಾಗೇ ನಿಂತು, ಆಮೇಲೆ ಪೂರ್ತಿ ಇಳಿದುಹೋಯಿತು.

"ಹೀಗೆ ಕಟ್ಲಿಕ್ಕೆ ನಿಂಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಯಾಕೆ?"

ಕುಟ್ಟಪ್ಪನ ಕೈ ಕಸೆಗೆ ಹೋಯಿತು. ಗಂಟು ಬಿಚ್ಚುವ ತಾಳ್ಮೆಯೂ ಇಲ್ಲದೆ ಕೋಟನ್ನು ಕಿತ್ತು ತೆಗೆದ. ಕಸೆ ಬುಡದಿಂದ ಹರಿಯಿತು. ಜಗಲಿ ಇಳಿದವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಮಂಜಿನೊಳಗೆ ನಡೆದುಬಿಟ್ಟ.

ಒಳಗಿನಿಂದ ಪೂವಮ್ಮ ದೊಡ್ಡವ್ವ ಕಾಫಿ ಲೋಟ ಹಿಡಿದು ಬಂದರು. "ಎಂತ ಆಯ್ತು? ಕಾಫಿ ಕುಡಿಯದೆ ಹೋದನಲ್ಲ."

"ಗೊತ್ತಿಲ್ಲೆ ದೊಡ್ಡವ್ವ," ಎಂದಳು ಯಮುನ. ಆ ಕಾಫಿಯನ್ನು ಅವಳೇ ಕುಡಿದಳು, ಅದಕ್ಕೆ ರುಚಿಯೇ ಇರಲಿಲ್ಲ.

*

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಮೂರ್ನಾಡಿನ ಕುಟ್ಟಪ್ಪ ಗಾಳಿಬೀಡಿನ ಎಸ್ಟೇಟಿಗೆ ರೈಟರಾಗಿ ಬಂದಿದ್ದ. ದೊಡ್ಡವ್ವನಿಗೆ ದೂರದ ನೆಂಟ. ಮಿಲಿಟರಿಯಲ್ಲಿದ್ದವನು, ಯುದ್ಧ ಮುಗಿದ ಮೇಲೆ ಕಾವಲಿಗೆಂದು ಜಪಾನಿಗೂ ಹೋಗಿಬಂದವನು. ಮಾತು ಕಡಿಮೆ. ರೈಟರ ಕೈ ಬಾವಿನೀರಿನಷ್ಟು ತಣ್ಣಗೆ ಎಂದು ಎಸ್ಟೇಟಿನ ಕೂಲಿ ಲೈನಿನ ಹೆಂಗಸರು ಆಡಿಕೊಳ್ಳುತ್ತಿದ್ದರು.

ಯಮುನ ಹೊಲಿಗೆಯವಳು. ತಾಯಿ ತೀರಿಕೊಂಡ ಮೇಲೆ ದೊಡ್ಡವ್ವನ ಮನೆಯಲ್ಲೇ ಬೆಳೆದು, ಊರಿನವರಿಗೆ ರವಿಕೆ, ಲೈನಿನವರಿಗೆ ಹಳೆ ಸೀರೆಯ ಕೌದಿ ಹೊಲಿದು ಕೊಡುತ್ತಿದ್ದಳು. ಅಂಥವಳ ಮನೆಗೆ ಕುಟ್ಟಪ್ಪ ಒಂದು ದಿನ ಟ್ರಂಕು ಹೊರಿಸಿಕೊಂಡು ಬಂದ. ಕ್ವಾರ್ಟರ್ಸಿನ ನೆಲದಲ್ಲಿ ಗೆದ್ದಲು, ನಿಮ್ಮ ಅಟ್ಟದಲ್ಲಿ ಇರಲಿ ಎಂದ. ಒಳಗೆ ಜಪಾನಿನ ಹೊಲಿಗೆಯ ಪುಸ್ತಕಗಳು, ಪತ್ರಿಕೆಗಳು, ಅಡಿಯಲ್ಲಿ ಕಡುನೀಲಿ ಬಟ್ಟೆಯ ಒಂದು ಸುರುಳಿ. ಎಲ್ಲಕ್ಕೂ ಕರ್ಪೂರದ ವಾಸನೆ.

ಅವತ್ತಿನಿಂದ ಯಮುನಳಿಗೆ ಹುಚ್ಚು ಹಿಡಿಯಿತು ಎಂದರೆ ತಪ್ಪಿಲ್ಲ. ಒಂದಕ್ಷರ ಓದಲು ಬಾರದ ಪುಸ್ತಕವನ್ನು ಅವಳು ಊಟದ ತಟ್ಟೆಯ ಪಕ್ಕದಲ್ಲಿಟ್ಟು ಓದಿದಳು. ಒಂದರ ಮೇಲೊಂದು ಬಿದ್ದ ದುಂಡಗಿನ ಗೆರೆಗಳಿಗೆ ಮೀನಿನ ಪರೆ ಎಂದೂ, ಆರು ಮೂಲೆಯ ಹೂವಿಗೆ ನಕ್ಷತ್ರ ಎಂದೂ ತಾನೇ ಹೆಸರಿಟ್ಟಳು. ಹೊಲಿಗೆ ಒಂದೊಂದೂ ಅಕ್ಕಿಕಾಳಿನಷ್ಟು ಉದ್ದ. ಕಾಳಿಗೂ ಕಾಳಿಗೂ ನಡುವೆ ಅದರ ಅರ್ಧದಷ್ಟು ಜಾಗ. ಕೈ ಅದಕ್ಕೆ ಒಗ್ಗುವಷ್ಟರಲ್ಲಿ ಎಷ್ಟೋ ಸಲ ಹಾಲು ಉಕ್ಕಿಹೋಯಿತು. ಲೈನಿನವರ ಕೌದಿಗಳ ಮೇಲೆಲ್ಲ ಮೀನಿನ ಪರೆ ಎದ್ದಿತು. ನೀಲಿ ಬಟ್ಟೆಗೆ ಮಾತ್ರ ಕತ್ತರಿ ಹಾಕಲು ಅವಳಿಗೆ ಧೈರ್ಯ ಬರಲಿಲ್ಲ. ವಾರಕ್ಕೊಮ್ಮೆ ತೆಗೆದು, ಕೆನ್ನೆಗೆ ಒತ್ತಿ, ಮತ್ತೆ ಸುತ್ತಿ ಇಡುತ್ತಿದ್ದಳು.

ಟ್ರಂಕು ನೋಡುವ ನೆಪದಲ್ಲಿ ಕುಟ್ಟಪ್ಪ ಬರುತ್ತಿದ್ದ.

"ಪುಸ್ತಕ ಆ ಕಡೆಯಿಂದ ಅಲ್ಲ," ಎಂದು ಒಮ್ಮೆ ಅವಳ ಕೈಯಿಂದ ತೆಗೆದುಕೊಂಡು ತಿರುಗಿಸಿ ಕೊಟ್ಟಿದ್ದ. "ಅವರದ್ದು ಹಿಂದಿನಿಂದ ಶುರು."

"ನಾವು ಕೊಡಗಿನವರು ಸೀರೆ ನೆರಿಗೆ ಹಿಂದೆ ಹಾಕ್ತೇವೆ, ಅವರು ಪುಸ್ತಕ ಹಿಂದಿನಿಂದ ಓದ್ತಾರೆ. ಇಬ್ಬರಿಗೂ ಸರಿಹೋಯ್ತು."

ಅವನು ನಕ್ಕಿದ್ದು ಆವತ್ತೇ ಮೊದಲು. ಆ ನಗುವಿಗಾಗಿಯೇ ಅವಳು ಈ ಚಳಿಗಾಲಕ್ಕೆ ನೀಲಿ ಬಟ್ಟೆಯನ್ನು ಕತ್ತರಿಸಿದಳು. ಅವನ ಮೈ ಬೆಚ್ಚಗಾಗಬೇಕು, ತನ್ನ ಹೊಲಿಗೆಯಿಂದಲೇ ಆಗಬೇಕು ಎಂಬ ಆಸೆ.

*

ಎರಡು ದಿನ ಬಿಟ್ಟು ಕುಟ್ಟಪ್ಪ ಚಪ್ಪಲಿ ಕೇಳುವವನಂತೆ ಬಂದು ಜಗಲಿಯಲ್ಲಿ ಕೂತ. ಮುಖ ಬಿಳಿಚಿತ್ತು.

"ಅಲ್ಲಿ ಬದುಕಿರುವವರು ಬಲದ ಮೇಲೆ ಎಡ ಮಡಿಸ್ತಾರೆ," ಎಂದ. "ಎಡದ ಮೇಲೆ ಬಲ ಬಂದ್ರೆ ಅದು ಸತ್ತವರಿಗೆ ಉಡಿಸುದು."

ಯಮುನ ಕೈಯಲ್ಲಿದ್ದ ಸೂಜಿಯನ್ನು ರವಿಕೆಯ ಅಂಚಿಗೆ ಚುಚ್ಚಿಕೊಂಡಳು. "ನಾನು ಹೆಂಗಸರ ರವಿಕೆ ಹೊಲಿಯೋಳು. ಅದರಲ್ಲಿ ಬಲವೇ ಮೇಲೆ. ಕೈ ತಾನಾಗಿ ಹಾಗೆ ಹೋಯ್ತು, ಅಷ್ಟೇ."

"ಅಷ್ಟೇಯಾ?"

"ಮತ್ತೆ? ನಿಮ್ಮನ್ನು ಸಾಯಿಸಿ ನಂಗೆ ಎಂತ ಸಿಗ್ತದೆ?"

ಅವನು ನಗಲು ನೋಡಿದ, ಆಗಲಿಲ್ಲ. ಅಂಗಳ ನೋಡುತ್ತಲೇ ಹೇಳಿದ. ಪುಸ್ತಕಗಳೂ ಬಟ್ಟೆಯೂ ಸುಮಿ ಎಂಬವಳದ್ದು. ಹೊಲಿಗೆ ಕಲಿಸುತ್ತಿದ್ದಳು. ಕ್ಯಾಂಪಿನ ಎದುರೇ ಅವಳ ಮನೆ. ಇವನು ರೇಷನ್ ಅಕ್ಕಿಯಲ್ಲಿ ಮಿಗಿಸಿ ಕೊಡುತ್ತಿದ್ದ, ಅವಳು ಇವನ ಶರಟಿಗೆ ಗುಂಡಿ ಹಾಕಿ ಕೊಡುತ್ತಿದ್ದಳು.

"ಗುಂಡಿ ಹಾಕಿದ್ದು ಮಾತ್ರವಾ?"

"ಮಾತ್ರ ಅಲ್ಲ."

ಯಮುನಳ ಹೊಟ್ಟೆಯಲ್ಲಿ ಕಿಚ್ಚೆದ್ದಿತು. ಕೇಳಬಾರದಿತ್ತು ಎನಿಸಿದರೂ ಮುಂದೆ ಕೇಳುವ ಆಸೆಯೇ ಹೆಚ್ಚಾಯಿತು.

"ಹೊರಡುವ ದಿನ ಈ ಪುಸ್ತಕ ಎಲ್ಲಾ ಕಟ್ಟಿ ಕೊಟ್ಲು. ನಾನು ಹಗ್ಗಕ್ಕೆ ಗಂಟು ಹಾಕುವಾಗ ಜಾರದ ಹಾಗೆ ಅವಳು ಬೆರಳಿಟ್ಟು ಒತ್ತಿ ಹಿಡಿದಿದ್ಲು. ಗಂಟಲ್ಲಿ ಬೆರಳು ಸಿಕ್ಕಿಕೊಳ್ತು. ಎಷ್ಟು ನಕ್ಕಳು ಅಂತ. ಬಟ್ಟೆ ನಿನ್ನ ಹತ್ರ ಇರಲಿ, ಮುಂದಿನ ಚಳಿಗೆ ವಾಪಸ್ ತಾ, ನಿಂಗೆ ಕೋಟು ಹೊಲೀತೇನೆ ಅಂದ್ಲು. ಬರ್ತೇನೆ ಅಂದೆ."

"ಹೋಗ್ಲಿಲ್ಲ."

"ಆ ಚಳಿಯಲ್ಲೇ ಎದೆರೋಗದಿಂದ ಹೋದ್ಲಂತೆ. ಅಲ್ಲೇ ಉಳಿದಿದ್ದ ದೋಸ್ತಿ ಒಬ್ಬ ಆಮೇಲೆ ಸಿಕ್ಕಿದಾಗ ಹೇಳಿದ." ಕುಟ್ಟಪ್ಪ ತನ್ನ ಕೈಗಳನ್ನು ಉಜ್ಜಿಕೊಂಡ. "ಅವತ್ತಿಂದ ಇದು ಬೆಚ್ಚಗಾಗಿಲ್ಲ."

"ಕೋಟು ನಾನು ಸರಿ ಮಾಡಿ ಕೊಡ್ತೇನೆ," ಎಂದಳು ಯಮುನ. "ಕಸೆ ಬಿಚ್ಚಿ ಆ ಕಡೆಗೆ ಹಾಕಿದ್ರೆ ಆಯ್ತು. ಬದುಕಿದವರ ಹಾಗೇ ಹಾಕ್ಕೊಳ್ಳಿ."

ಅವನು ಹೋಗುವ ಮುಂಚೆ ಅವಳತ್ತ ಒಮ್ಮೆ ನೋಡಿದ. ಅಂಥ ನೋಟಕ್ಕಾಗಿ ಯಮುನ ಹತ್ತು ಕೋಟಾದರೂ ಬಿಚ್ಚಿ ಹೊಲಿಯುತ್ತಿದ್ದಳು.

*

ಸಂಜೆಗೆ ಮುಂಚೆ ಕಸೆಗಳನ್ನು ಬದಲಿಸಿ, ಬಲದ ಮೇಲೆ ಎಡ ಬರುವಂತೆ ಮಡಿಸಿ, ಕೋಟನ್ನು ಅಟ್ಟದ ಟ್ರಂಕಿನಲ್ಲಿಟ್ಟಳು. ಬೆಳಿಗ್ಗೆ ತೆಗೆದಾಗ ಅದು ಎಡದ ಮೇಲೆ ಬಲ ಬರುವಂತೆ ಮಡಚಿಕೊಂಡಿತ್ತು. ಕಸೆಗಳು ಮೊದಲಿದ್ದ ಕಡೆಯೇ ಇದ್ದವು.

ಯಮುನ ಕಿಟಕಿಯ ಹತ್ತಿರ ತಂದು ಹೊಲಿಗೆ ನೋಡಿದಳು. ತನ್ನ ಕೈಹೊಲಿಗೆಯನ್ನು ಗುರುತಿಸದ ಹೊಲಿಗೆಯವಳು ಎಲ್ಲೂ ಇಲ್ಲ. ಇದು ಅವಳದ್ದಲ್ಲ. ಇನ್ನೂ ಸಣ್ಣದು, ಇನ್ನೂ ಒತ್ತಾದದ್ದು. ದಾರದ ತುದಿಯಲ್ಲಿ ಗಂಟೇ ಇಲ್ಲ.

"ದೊಡ್ಡವ್ವ, ಇದನ್ನು ನೀವು ಮುಟ್ಟಿದ್ರಾ?"

"ಸೂಜಿ ಕಣ್ಣೇ ಕಾಣುದಿಲ್ಲೆ ನಂಗೆ. ನಾ ಎಂತ ಮುಟ್ಟಲಿ?"

ಮತ್ತೆ ಬಿಚ್ಚಿದಳು, ಮತ್ತೆ ಹೊಲಿದಳು. ಸಂಜೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಾಗ ಅಟ್ಟದಿಂದ ಸೊರ್ ಎಂದು ಮೆಲ್ಲಗೆ ಕೇಳಿಸಿತು. ದಪ್ಪ ಬಟ್ಟೆಯೊಳಗಿಂದ ಉದ್ದನೆಯ ದಾರ ಎಳೆಯುವ ಸದ್ದು. ಸ್ವಲ್ಪ ಬಿಟ್ಟು ಮತ್ತೊಂದು ಸಲ. ಹೊಲಿಯುವವರು ಎಲ್ಲಿಯೂ ಅವಸರ ಮಾಡುತ್ತಿರಲಿಲ್ಲ. ಯಮುನ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಹಿಡಿದು ಕೂತಳು. ಕಾವಲಿಯ ಮೇಲಿನ ರೊಟ್ಟಿ ಸೀದುಹೋಯಿತು.

ದೊಡ್ಡವ್ವನಿಗೂ ಕೇಳಿಸಿತ್ತು. "ಆ ಟ್ರಂಕು ಕೊಟ್ಟುಬಿಡು ಯಮುನ," ಎಂದರು, ಅಷ್ಟೇ.

ಕೊಡಲು ಮನಸ್ಸು ಬರಲಿಲ್ಲ. ಆ ಪುಸ್ತಕಗಳನ್ನು ಕೊಡುವುದೆಂದರೆ ಕಲಿತ ಕೈಯನ್ನೇ ಕಡಿದು ಕೊಟ್ಟ ಹಾಗೆ. ಅದಕ್ಕಿಂತ, ಕುಟ್ಟಪ್ಪನನ್ನು ಸುಮಿಗೆ ಬಿಟ್ಟುಕೊಟ್ಟ ಹಾಗೆ.

ಮರುದಿನ ಅವನೇ ಬಂದ. ಜ್ವರ. ಕಂಬ ಹಿಡಿದು ನಿಂತವನ ಹಲ್ಲು ಕಟಕಟ ಎನ್ನುತ್ತಿತ್ತು. ಯಮುನ ಮುಚ್ಚಿಡಲಾರದೆ ಕೋಟು ತೋರಿಸಿದಳು. ಅವನು ಕಸೆಯ ಬುಡವನ್ನು ಹೆಬ್ಬೆರಳಿನಿಂದ ಸವರಿದ.

"ಇದು ಸುಮಿ ಹೊಲಿಗೆ. ಅವಳು ಗಂಟು ಹಾಕುದಿಲ್ಲ."

ಮಂಜು ಜಗಲಿಯ ಮೆಟ್ಟಿಲವರೆಗೆ ಬಂದಿತ್ತು.

"ಕೊಡು ಯಮುನ. ಹಾಗೇ ಹಾಕ್ಕೊಳ್ತೇನೆ. ಕೋಟು ಹೊಲೀತೇನೆ ಅಂದವಳು ಹೊಲಿದಿದ್ದಾಳೆ. ಬರ್ತೇನೆ ಅಂದವನು ನಾನು."

"ಹಾಕ್ಕೊಂಡ್ರೆ ಎಂತ ಆಗ್ತದೆ ಗೊತ್ತುಂಟಲ್ಲ?"

"ಗೊತ್ತುಂಟು."

"ನಂಗೆ ಬೇಡ ಅದು," ಎಂದಳು ಯಮುನ. ದನಿ ಒಡೆಯಿತು, ಒಡೆದರೆ ಒಡೆಯಲಿ ಎಂದು ಬಿಟ್ಟಳು. "ನೀವು ಇರಬೇಕು. ನಂಗೆ ನೀವು ಬೇಕು. ಒಂದು ದಿನ ಕೊಡಿ. ನಾಳೆ ನಾನೇ ತಂದು ಕೊಡ್ತೇನೆ."

ಅವನು ಕಸೆಯಿಂದ ಕೈ ತೆಗೆದ. ಆಮೇಲೆ ತಲೆಯಾಡಿಸಿ ಹೋದ.

*

ಬೆಳಿಗ್ಗೆ ಮಿಂದು ಬಂದು ಸೀರೆ ಉಡುವಾಗ ಅವಳ ಕೈ ನೆರಿಗೆ ಹಿಡಿದು ಬೆನ್ನ ಹಿಂದೆ ಹೋಯಿತು. ನೆರಿಗೆಯನ್ನು ಸಿಕ್ಕಿಸಬೇಕಾದ ಕೈ ಅಲ್ಲೇ ನಿಂತಿತು. ಎಡ ಬಲದ ಜಗಳ ಇರುವುದು ಕೋಟಿನ ಬಾಯಿ ಮುಂದೆ ಇದ್ದರೆ. ಹಿಂದೆ ಇದ್ದರೆ?

ಕೋಟನ್ನು ತೆಗೆದು ನಾಲ್ಕೂ ಕಸೆ ಬಿಚ್ಚಿದಳು. ಅಂಚಿಗೆ ಅಂಚು ತಾಗುವ ಹಾಗೆ, ಒಂದರ ಮೇಲೊಂದು ಬರದ ಹಾಗೆ, ಎರಡು ಕಸೆ ಹೊಲಿದಳು. ದಾರದ ತುದಿಗೆ ತನ್ನ ಗಂಟನ್ನೇ ಹಾಕಿದಳು. ಕೊನೆಯ ಹೊಲಿಗೆ ಮುಗಿಯುತ್ತಲೇ ಟ್ರಂಕಿನ ಕಡೆಗೂ ನೋಡದೆ, ದೊಡ್ಡವ್ವನನ್ನು ಕರೆದುಕೊಂಡು ಎಸ್ಟೇಟಿನ ದಾರಿ ಹಿಡಿದಳು.

ಕುಟ್ಟಪ್ಪ ಮಂಚದ ಮೇಲೆ ಕೂತಿದ್ದ. ದೊಡ್ಡವ್ವ ಅಡುಗೆಮನೆಗೆ ಹೋಗಿ ಒಲೆ ಹೊತ್ತಿಸಿ, ಕಷಾಯಕ್ಕೆ ಒಳ್ಳೆಮೆಣಸು ಕುಟ್ಟತೊಡಗಿದರು.

"ಎದ್ದು ನಿಲ್ಲಿ. ಕೈ ಮುಂದೆ ಚಾಚಿ," ಎಂದಳು ಯಮುನ.

ಎದುರು ನಿಂತು ಎರಡೂ ತೋಳು ತೊಡಿಸಿದಳು. ಕೋಟಿನ ಬೆನ್ನು ಅವನ ಎದೆಗೆ ಬಂತು.

"ಇದೆಂತ, ಹಿಂದುಮುಂದು?"

"ನಮ್ಮ ಕಡೆ ಹೀಗೇ."

"ಕಸೆ ಬೆನ್ನಿಗಿದ್ರೆ ನಾನು ಕಟ್ಟಿಕೊಳ್ಳುದು ಹೇಗೆ?"

"ಒಬ್ಬರೇ ಕಟ್ಟಿಕೊಳ್ಳಲಿಕ್ಕೆ ಆಗುದಿಲ್ಲ. ಇನ್ನೊಬ್ಬರು ಬೇಕು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ದಿನಾ?"

"ಚಳಿ ಇರುವವರೆಗೆ."

"ಗಾಳಿಬೀಡಲ್ಲಿ ಚಳಿ ಯಾವಾಗ ಬಿಡ್ತದೆ?"

"ಹಾಗಾದ್ರೆ ದಿನಾ, ಬಾವ."

ಹಿಂದೆ ಹೋಗಿ ನಿಂತು ಕಸೆ ಕಟ್ಟಬಹುದಿತ್ತು. ಯಮುನ ಹಾಗೆ ಮಾಡಲಿಲ್ಲ. ಎದುರಿನಿಂದಲೇ ಎರಡೂ ಕೈಗಳನ್ನು ಅವನ ಸುತ್ತ ಬಳಸಿ, ಕೆನ್ನೆಯನ್ನು ನೀಲಿ ಬಟ್ಟೆಗೆ ಒತ್ತಿ, ಕಾಣದ ಕಸೆಗಳನ್ನು ಬೆನ್ನ ಹಿಂದೆ ತಡಕಿದಳು. ಅವನ ಎದೆ ಜೋರಾಗಿ ಬಡಿಯುತ್ತಿತ್ತು. ಗಂಟಿನ ಮೊದಲ ಸುತ್ತು ಜಾರಿತು. ಎರಡನೆಯದೂ ಜಾರಿತು. ಬೆರಳುಗಳಿಗೆ ಚಳಿ ಹತ್ತಿತ್ತು.

ಮೂರನೆಯ ಸಲ ಗಂಟು ಜಾರಲಿಲ್ಲ. ಕಸೆಗಳು ಒಂದರ ಮೇಲೊಂದು ಹಾಯ್ದ ಜಾಗವನ್ನು ಒಂದು ಬೆರಳು ಒತ್ತಿ ಹಿಡಿದಿತ್ತು.

ಕುಟ್ಟಪ್ಪನ ಎರಡು ಕೈಗಳೂ ಅವಳ ಭುಜದ ಮೇಲಿದ್ದವು. ಅಡುಗೆಮನೆಯಲ್ಲಿ ದೊಡ್ಡವ್ವ ಮೆಣಸು ಕುಟ್ಟುವ ಸದ್ದು ನಿಂತಿರಲಿಲ್ಲ. ಬೆರಳು ಸಣ್ಣದು, ತಣ್ಣಗಿನದು. ಸೂಜಿ ಚುಚ್ಚಿ ಚುಚ್ಚಿ ತುದಿ ಒರಟಾಗಿತ್ತು. ಯಮುನಳ ಬೆರಳ ತುದಿಯೂ ಹಾಗೇ ಇತ್ತು. ಕೂಗಬೇಕೆಂದು ಬಾಯಿ ತೆರೆದವಳಿಗೆ ಆ ಒರಟು ತಾಗಿ ಕೂಗು ಬರಲಿಲ್ಲ. ಹೊಟ್ಟೆಯ ಕಿಚ್ಚೂ ಎಲ್ಲೋ ಹೋಗಿತ್ತು.

"ಅಕ್ಕ," ಎಂದಳು ಮೆಲ್ಲಗೆ, "ಗಂಟು ಬಿಗೀತೇನೆ. ಸಿಕ್ಕಿಕೊಳ್ತದೆ, ಬೆರಳು ತೆಗಿ."

ಬೆರಳು ಅಲ್ಲೇ ಇತ್ತು. ಯಮುನ ಎಳೆಯಲಿಲ್ಲ, ಕಾದಳು. ಆಮೇಲೆ ಅದು ಮೆಲ್ಲನೆ ಜಾರಿ ಹೊರಗೆ ಬಂತು. ಅವಳ ಕೈಯ ಮೇಲೆ ಒಮ್ಮೆ ಹಾಯ್ದು ಇಲ್ಲವಾಯಿತು. ಯಮುನ ಕಸೆಯನ್ನು ಎಳೆದು ಬಿಗಿದಳು.

"ಯಾರ ಹತ್ರ ಮಾತಾಡಿದ್ದು?" ಎಂದು ಕೇಳಿದ ಕುಟ್ಟಪ್ಪ.

"ಗಂಟು ಹಿಡಿದುಕೊಂಡವರ ಹತ್ರ."

ಅವನು ಅಳುತ್ತಿದ್ದ. ಅವಳ ಭುಜದ ಮೇಲಿದ್ದ ಅವನ ಕೈಗಳು ರವಿಕೆಯ ಬಟ್ಟೆ ದಾಟಿ ಮೆಲ್ಲಮೆಲ್ಲಗೆ ಬೆಚ್ಚಗೆ ತಾಗತೊಡಗಿದವು.

ಅಡುಗೆಮನೆಯಿಂದ ದೊಡ್ಡವ್ವ ಕೇಳಿದರು, "ಕಷಾಯ ಆಯ್ತು. ನಮ್ಮ ಮೂವರಿಗೆ ಸಾಕಲ್ಲ?"

"ಇನ್ನೊಂದು ಲೋಟ ಇಡಿ ದೊಡ್ಡವ್ವ," ಎಂದಳು ಯಮುನ. "ಬಿಸಿಯಾಗಿಯೇ ಇರಲಿ."